ಬೇಡವೆಂದವರ ಹೊಣೆ

2021ರ ಡಿಸೆಂಬರ್ ತಿಂಗಳಿನಲ್ಲಿ ಕರ್ನಾಟಕ ಸರ್ಕಾರವು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಶಾಲಾ ಮಕ್ಕಳಿಗೆ ಬಿಸಿಯೂಟದೊಡನೆ ಬೇಯಿಸಿದ ಮೊಟ್ಟೆಯನ್ನು ಕೊಡಲು ಆರಂಭಿಸಿತು. ಆಗ ಜೈನ ಸಮಾಜದ ಅನೇಕ ಮುಖಂಡರೂ ಕೆಲವು ಲಿಂಗಾಯತ ಮಠಾಧೀಶರೂ ಅದನ್ನು ಬಲವಾಗಿ ವಿರೋಧಿಸಿದರು. ಮನವಿಪತ್ರಗಳು ಸಲ್ಲಿಕೆಯಾದವು, ಪತ್ರಿಕಾ ಹೇಳಿಕೆಗಳು ಪ್ರಕಟವಾದವು. ಆದರೂ ಯೋಜನೆ ನಿಲ್ಲಲಿಲ್ಲ. 2022ರಲ್ಲಿ ಅದು ರಾಜ್ಯದ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನಗಳ ಕಾರ್ಯಕ್ರಮವಾಯಿತು. ಮೊಟ್ಟೆ ಸೇವಿಸದ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯೂ ಉಂಟು.

ಜೀವದಯೆಯನ್ನು ಪರಮಧರ್ಮವೆಂದು ನಂಬಿದ ಸಮಾಜವೊಂದು ಮೊಟ್ಟೆಯನ್ನು ವಿರೋಧಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ತತ್ತ್ವದ ವಿಷಯದಲ್ಲಿ ಇಲ್ಲಿ ಚರ್ಚೆಗೆ ಅವಕಾಶವೂ ಇಲ್ಲ. ಚರ್ಚೆಗೆ ಬರಬೇಕಾದದ್ದು ಮನವಿಪತ್ರ ಸಲ್ಲಿಸಿದ ಮರುದಿನದ ಮಾತು. ಸಹಿ ಮಾಡಿದ ಗಣ್ಯರು ತಮ್ಮ ತಮ್ಮ ಮನೆಗಳಿಗೆ ಹಿಂದಿರುಗಿದರು. ಯಾವ ಹಸಿದ ಮಗುವಿನ ನೆಪದಲ್ಲಿ ಮೊಟ್ಟೆ ಶಾಲೆಯ ಬಾಗಿಲಿಗೆ ಬಂದಿತೋ ಆ ಮಗು ಮಾತ್ರ ಇದ್ದಲ್ಲಿಯೇ ಉಳಿಯಿತು. ಅಂಗಡಿಗೆ ಬಂದ ಗಿರಾಕಿಗೆ ‘ಆ ಸರಕನ್ನು ಕೊಳ್ಳಬೇಡ’ ಎಂದು ಹೇಳಿ ಬೇರೆ ಸರಕನ್ನು ತೋರಿಸದ ವರ್ತಕನ ಹಿತವಚನದಿಂದ ಗಿರಾಕಿಯ ಚೀಲ ತುಂಬುವುದಿಲ್ಲ. ಅಹಿಂಸೆಯ ಹೆಸರಿನಲ್ಲಿ ‘ಬೇಡ’ ಎಂದವನು ಅಲ್ಲಿಗೇ ನಿಂತರೆ ಅವನು ಅರ್ಧ ವಾಕ್ಯವನ್ನಷ್ಟೇ ನುಡಿದಂತೆ. ಉಳಿದರ್ಧವನ್ನು ಪೂರ್ಣಗೊಳಿಸುವ ಹೊಣೆ ಅವನದೇ.

ಉಗ್ರಾದಿತ್ಯಾಚಾರ್ಯರು ನಡೆದ ದಾರಿ

ಈ ಹೊಣೆಯನ್ನು ಪೂರ್ವಾಚಾರ್ಯರು ಹೇಗೆ ನಿರ್ವಹಿಸಿದರು ಎಂಬುದಕ್ಕೆ ಕನ್ನಡ ನಾಡಿನ ಚರಿತ್ರೆಯಲ್ಲಿಯೇ ಉಜ್ಜ್ವಲವಾದ ನಿದರ್ಶನವಿದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದವರಾದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದರು. 1940ರಲ್ಲಿ ಸೊಲ್ಲಾಪುರದಿಂದ ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಅದು ಮುದ್ರಣ ಕಂಡಿತು. ಔಷಧದ ಹೆಸರಿನಲ್ಲಿ ಮಾಂಸವನ್ನು ಬಳಸಬಾರದೆಂದು ಆಚಾರ್ಯರು ವಾದಿಸಿದ ಹಿತಾಹಿತಾಧ್ಯಾಯವು ಆ ಗ್ರಂಥಕ್ಕೆ ಸೇರಿಕೊಂಡಿದೆ. ರಾಜಸಭೆಯಲ್ಲಿ ವೈದ್ಯರ ಎದುರಿಗೇ ಆ ವಾದವನ್ನು ಮಂಡಿಸಿದರೆಂದು ಪ್ರಸಿದ್ಧಿ.

ಗಮನಿಸಬೇಕಾದ ಅಂಶವೆಂದರೆ, ಆಚಾರ್ಯರ ಕೃತಿ ಆ ಒಂದು ಅಧ್ಯಾಯಕ್ಕೆ ಸೀಮಿತವಾಗಿಲ್ಲ. ಮಾಂಸ, ಮದ್ಯ, ಮಧುಗಳಿಲ್ಲದೆ ರೋಗಗಳನ್ನು ಹೇಗೆ ಗುಣಪಡಿಸಬೇಕು, ಯಾವ ಬೇರು, ಯಾವ ಎಲೆ, ಯಾವ ರಸ, ಎಷ್ಟು ಪ್ರಮಾಣ ಎಂಬುದನ್ನು ಅವರು ಇಡೀ ಗ್ರಂಥದ ತುಂಬ ವಿವರಿಸಿದ್ದಾರೆ. ನಿಷೇಧಕ್ಕೆ ಒಂದು ಅಧ್ಯಾಯ. ಬದಲಿ ವ್ಯವಸ್ಥೆಗೆ ಉಳಿದ ಎಲ್ಲ ಅಧ್ಯಾಯಗಳು. ಇಂದಿನ ಸಮಾಜವು ನಿಷೇಧದ ಅಧ್ಯಾಯವನ್ನು ಮಾತ್ರ ಕಂಠಪಾಠ ಮಾಡಿಕೊಂಡು ಉಳಿದ ಅಧ್ಯಾಯಗಳನ್ನು ಕಪಾಟಿನಲ್ಲಿಟ್ಟು ಪೂಜಿಸುತ್ತಿದೆಯೆಂದರೆ ಕಟುವಾದೀತು, ಆದರೆ ಸುಳ್ಳಾಗಲಾರದು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಗಾಗಿ ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿಯೇ ಬರೆದನು. ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದು ದನಕರುಗಳ ವ್ಯಾಧಿಗೂ ಮದ್ದು ಹೇಳಿದನು. ಜನರ ಮಾತಿನಲ್ಲಿ ಜನರ ರೋಗಕ್ಕೆ ಮದ್ದು ಹೇಳುವುದು ಈ ಪರಂಪರೆಯ ಲಕ್ಷಣವಾಗಿತ್ತು.

ಹಳ್ಳಿಯ ಹುಡುಗಿಯ ರಕ್ತ

ಪ್ರಕೃತದಲ್ಲಿ ಮದ್ದು ಬೇಕಾಗಿರುವುದು ಯಾವ ರೋಗಕ್ಕೆ? ಗ್ರಾಮೀಣ ಪ್ರದೇಶದ ಹದಿಹರೆಯದವರನ್ನು, ಅದರಲ್ಲಿಯೂ ಹುಡುಗಿಯರನ್ನು, ಸದ್ದಿಲ್ಲದೆ ಕೃಶಗೊಳಿಸುತ್ತಿರುವ ವ್ಯಾಧಿ ರಕ್ತಹೀನತೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59.1 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. 2015–16ರ ನಾಲ್ಕನೆಯ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡಾ 54.1 ಇತ್ತು. ಅದೇ ವಯಸ್ಸಿನ ಹುಡುಗರಲ್ಲಿ ಐದನೆಯ ಸಮೀಕ್ಷೆ ಕಂಡದ್ದು ಶೇಕಡಾ 31.1. ಕರ್ನಾಟಕದಲ್ಲಿ ಈ ವಯಸ್ಸಿನ ಹುಡುಗಿಯರ ಪೈಕಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನರೆಂದು ಅದೇ ಸಮೀಕ್ಷೆ ತೋರಿಸಿತು. ದೇಶ ಶ್ರೀಮಂತವಾಗುತ್ತಿದೆ, ಅದರ ಹೆಣ್ಣುಮಕ್ಕಳ ರಕ್ತ ಮಾತ್ರ ತೆಳುವಾಗುತ್ತಿದೆ.

ಹನ್ನೆರಡು ವರ್ಷ ದಾಟಿದ ಹುಡುಗಿಯ ರಕ್ತದಲ್ಲಿ ಡೆಸಿಲೀಟರಿಗೆ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 8ಕ್ಕಿಂತ ಕೆಳಗಿಳಿದರೆ ತೀವ್ರ ಸ್ವರೂಪದ್ದು. ಈ ಅಂಕಿಗಳನ್ನು ಒಬ್ಬ ಹುಡುಗಿಯ ದಿನಚರಿಯಲ್ಲಿಟ್ಟು ನೋಡಿದರೆ ಅರ್ಥವಾದೀತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬೆಳಗ್ಗೆ ಬರಿಯ ಚಹ ಕುಡಿದು, ನೀರು ಹೊತ್ತು, ತಂಗಿಗೆ ತಲೆ ಬಾಚಿ, ಎರಡು ಮೈಲಿ ನಡೆದು ಶಾಲೆಗೆ ಬರುತ್ತಾಳೆ. ಮೊದಲ ಪಾಠದಲ್ಲಿಯೇ ಕಣ್ಣು ಕತ್ತಲಿಡುತ್ತದೆ. ಮೇಷ್ಟರು ಅವಳನ್ನು ಮಂದಬುದ್ಧಿಯವಳೆನ್ನುತ್ತಾರೆ, ತಾಯಿ ಸೋಮಾರಿಯೆನ್ನುತ್ತಾಳೆ. ತಿಂಗಳ ಮುಟ್ಟಿನಲ್ಲಿ ಹೆಚ್ಚು ಸ್ರಾವವಾದರೂ ಅವಳು ಯಾರಿಗೂ ಹೇಳುವುದಿಲ್ಲ. ಒಂಬತ್ತನೆಯ ತರಗತಿಗೆ ಬರುವ ಮುನ್ನವೇ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋಗುತ್ತಾಳೆ, ಅನಂತರ ಮದುವೆ. ಸಮೀಕ್ಷೆಯ ಕಾಲಕ್ಕೆ 20ರಿಂದ 24 ವರ್ಷದವರಾಗಿದ್ದ ಕರ್ನಾಟಕದ ಸ್ತ್ರೀಯರ ಪೈಕಿ ಶೇಕಡಾ 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ವಿವಾಹವಾಗಿತ್ತು. ರಕ್ತವಿಲ್ಲದ ಬಾಲೆ ಬಸುರಿಯಾದರೆ ಹೆರಿಗೆಯಲ್ಲಿ ಅವಳ ಪ್ರಾಣಕ್ಕೂ ಅಪಾಯ, ಹುಟ್ಟುವ ಕೂಸಿನ ತೂಕಕ್ಕೂ ಕೊರತೆ. ಹೀಗೆ ಒಂದು ತಲೆಮಾರಿನ ಸಾಲವು ಮುಂದಿನ ತಲೆಮಾರಿನ ಖಾತೆಗೆ ವರ್ಗವಾಗುತ್ತದೆ.

ಈ ಮೌನ ಎಷ್ಟು ಆಳವಾದದ್ದೆಂಬುದನ್ನು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಅವರ ಸಹೋದ್ಯೋಗಿಗಳು 1989ರಲ್ಲಿಯೇ ತೋರಿಸಿಕೊಟ್ಟಿದ್ದರು. ಎರಡು ಹಳ್ಳಿಗಳ 650 ಸ್ತ್ರೀಯರನ್ನು ಪರೀಕ್ಷಿಸಿದಾಗ ಶೇಕಡಾ 92 ಮಂದಿಯಲ್ಲಿ ಯಾವುದಾದರೊಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ವೈದ್ಯಪರೀಕ್ಷೆ ಮಾಡಿಸಿಕೊಂಡಿದ್ದವರು ಶೇಕಡಾ 8 ಮಾತ್ರ. ಕೇಳುವವರಿಲ್ಲದ ಕಡೆ ರೋಗಿ ಹೇಳುವುದಿಲ್ಲ. ಹೇಳಲಿಲ್ಲವಾದ್ದರಿಂದ ರೋಗವೇ ಇಲ್ಲವೆಂದು ಊರು ತಿಳಿಯುತ್ತದೆ.

ಲೆಕ್ಕ ತಪ್ಪಬಾರದು

ಮೊಟ್ಟೆಯ ವಿವಾದದಲ್ಲಿ ಎರಡೂ ಕಡೆಯವರು ಲೆಕ್ಕ ತಪ್ಪಿದ್ದಾರೆ. ಮೊಟ್ಟೆಯೊಂದೇ ರಕ್ತಹೀನತೆಯನ್ನು ನೀಗಿಸುವುದೆಂಬುದು ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು. ಒಂದು ಮೊಟ್ಟೆಯಿಂದ ದೊರೆಯುವುದು ಹೆಚ್ಚೆಂದರೆ ಸುಮಾರು 1 ಮಿಲಿಗ್ರಾಂ. ಆದರೆ ಮೊಟ್ಟೆಯಿಂದ ಪ್ರಯೋಜನವೇ ಇಲ್ಲವೆನ್ನುವುದೂ ಸತ್ಯಕ್ಕೆ ದೂರ. ಅದರಲ್ಲಿ ಸುಮಾರು 6 ಗ್ರಾಂ ಉತ್ತಮ ಪ್ರೋಟೀನ್ ಇದೆ, ಬಿ12 ಜೀವಸತ್ತ್ವವಿದೆ. ಯಾದಗಿರಿ ಜಿಲ್ಲೆಯಲ್ಲಿ ನಡೆದ ಅಧ್ಯಯನವು ಮೊಟ್ಟೆ ತಿಂದ ಮಕ್ಕಳ ತೂಕ ಹೆಚ್ಚಿದ್ದನ್ನು ದಾಖಲಿಸಿತು. ಸತ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ತನ್ನ ಪಕ್ಷಕ್ಕೆ ಅನನುಕೂಲವಾದ ಸಂಗತಿಯನ್ನೂ ಮರೆಮಾಚಬಾರದು.

ಬದಲಿಯೆಂದು ಕೊಡುವ ಬಾಳೆಹಣ್ಣಿನಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ, ಬಿ12 ಇಲ್ಲವೇ ಇಲ್ಲ. ಆರು ರೂಪಾಯಿಯ ಸಾಲಕ್ಕೆ ಒಂದು ರೂಪಾಯಿ ಕೊಟ್ಟು ‘ಚುಕ್ತಾ ಆಯಿತು’ ಎಂದು ಬರೆಯುವ ಗುಮಾಸ್ತನನ್ನು ಯಾವ ಯಜಮಾನನೂ ಅಂಗಡಿಯಲ್ಲಿ ಇಟ್ಟುಕೊಳ್ಳಲಾರನು. ಮೊಟ್ಟೆಯನ್ನು ಬೇಡವೆಂದ ಸಮಾಜವು ಬಾಳೆಹಣ್ಣಿನಿಂದ ತೃಪ್ತವಾಗಿ ಕುಳಿತರೆ ಅದೇ ಬಗೆಯ ಜಮಾಖರ್ಚು ನಡೆಸಿದಂತಾಗುತ್ತದೆ.

ಹಾಗಾದರೆ ನಿರಾಮಿಷವಾಗಿ ಸಾಲ ತೀರಿಸಲು ಸಾಧ್ಯವೇ? ನಿಶ್ಚಯವಾಗಿಯೂ ಸಾಧ್ಯ. 25 ಗ್ರಾಂ ಶೇಂಗಾದಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಒಂದು ದೊಡ್ಡ ಲೋಟ ಹಾಲಿನಲ್ಲಿಯೂ ಅಷ್ಟೇ ಇದ್ದು, ಸಸ್ಯಾಹಾರಿಗೆ ದುರ್ಲಭವಾದ ಬಿ12 ಕೂಡ ಅದರಿಂದ ದೊರೆಯುತ್ತದೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾ ಮಕ್ಕಳಿಗೆ 150 ಮಿಲಿಲೀಟರ್ ಹಾಲು ಸಲ್ಲುವ ಏರ್ಪಾಡಾಯಿತು. ಅದಕ್ಕೆ ಶೇಂಗಾ, ಪುಟಾಣಿ, ಬೇಳೆಗಳನ್ನು ಪ್ರತಿನಿತ್ಯ ಕೂಡಿಸಿದರೆ ಪ್ರೋಟೀನಿನ ಲೆಕ್ಕ ಸರಿಹೋಗುತ್ತದೆ. ಬೇಳೆ, ಸೊಪ್ಪು, ರಾಗಿ, ಸಜ್ಜೆಗಳಲ್ಲಿ ಕಬ್ಬಿಣವಿದ್ದರೂ ಅದನ್ನು ಶರೀರ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಊಟದೊಡನೆ ನಿಂಬೆರಸವೋ ನೆಲ್ಲಿಕಾಯಿಯೋ ಪೇರಲಹಣ್ಣೋ ಇದ್ದರೆ ಹೀರಿಕೆ ಹೆಚ್ಚುತ್ತದೆ, ಊಟದ ಬೆನ್ನಿಗೇ ಚಹ ಕುಡಿದರೆ ಕುಗ್ಗುತ್ತದೆ. ಇಷ್ಟು ಸಣ್ಣ ಸಂಗತಿ ಬಹುಪಾಲು ಅಡುಗೆಮನೆಗಳಿಗೆ ತಲುಪಿಲ್ಲ. ‘ಬೇಡ’ ಎಂಬ ಘೋಷಣೆ ತಲುಪಿದಷ್ಟು ದೂರ ‘ಇದನ್ನು ಹೀಗೆ ಉಣ್ಣಿರಿ’ ಎಂಬ ಮಾತು ತಲುಪಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು.

ಒಂದು ದಿನದ ಶಿಬಿರ

ಆದರೆ ಒಮ್ಮೆ ಬತ್ತಿದ ರಕ್ತವು ಆಹಾರದಿಂದಷ್ಟೇ ಬೇಗ ತುಂಬುವುದಿಲ್ಲ. ಅದಕ್ಕೆ ಔಷಧ ಬೇಕು. ಔಷಧದಾನವೆಂದೊಡನೆ ಸಮಾಜಕ್ಕೆ ನೆನಪಾಗುವುದು ಉಚಿತ ಆರೋಗ್ಯ ತಪಾಸಣಾ ಶಿಬಿರ. ಬಸದಿಯ ಮುಂದೆ ಶಾಮಿಯಾನ ಏಳುತ್ತದೆ, ದಾನಿಗಳ ಭಾವಚಿತ್ರಗಳುಳ್ಳ ಫಲಕ ಕಟ್ಟಲಾಗುತ್ತದೆ, ಪಟ್ಟಣದಿಂದ ವೈದ್ಯರು ಬರುತ್ತಾರೆ. ದೀಪ ಬೆಳಗುವುದಕ್ಕೂ ಭಾಷಣಗಳಿಗೂ ಹನ್ನೊಂದು ಗಂಟೆಯವರೆಗೆ ಕಾಲ ಸಲ್ಲುತ್ತದೆ. ಸಾಲಿನಲ್ಲಿ ನಿಂತ ಹುಡುಗಿಯ ಬೆರಳು ಚುಚ್ಚಿ, ಹಿಮೋಗ್ಲೋಬಿನ್ 9 ಎಂದು ಚೀಟಿಯಲ್ಲಿ ಬರೆದು, ಹತ್ತು ಮಾತ್ರೆಗಳನ್ನು ಕೈಗಿಡಲಾಗುತ್ತದೆ. ಸಂಜೆ ಶಾಮಿಯಾನ ಇಳಿಯುತ್ತದೆ. ಫಲಾನುಭವಿಗಳ ಸಂಖ್ಯೆ ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ.

ವೈದ್ಯಶಾಸ್ತ್ರ ಹೇಳುವುದು ಬೇರೆ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಕ್ರಮದಂತೆ, ಅಲ್ಪ ಮತ್ತು ಮಧ್ಯಮ ಪ್ರಮಾಣದ ರಕ್ತಹೀನತೆಯುಳ್ಳ ಹದಿಹರೆಯದವರು ತಲಾ 60 ಮಿಲಿಗ್ರಾಂ ಕಬ್ಬಿಣವಿರುವ ಎರಡು ಮಾತ್ರೆಗಳನ್ನು ದಿನವೂ ಮೂರು ತಿಂಗಳ ಕಾಲ ತೆಗೆದುಕೊಳ್ಳಬೇಕು. ತಿಂಗಳಿಗೊಮ್ಮೆ ವಿಚಾರಣೆ ನಡೆಯಬೇಕು, ಕೊನೆಯಲ್ಲಿ ಮರುಪರೀಕ್ಷೆಯಾಗಬೇಕು. ತೀವ್ರ ರಕ್ತಹೀನತೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಔಷಧಕ್ಕೆ ಜಗ್ಗದಿದ್ದರೆ ಕಾರಣ ಬೇರೆಯಿರಬಹುದು: ಬಿ12 ಕೊರತೆಯೋ, ಜಂತುಹುಳುವೋ, ಅತಿಸ್ರಾವವೋ, ಕೆಲವು ಗಿರಿಜನ ಸಮುದಾಯಗಳಲ್ಲಿ ಕಂಡುಬರುವ ಆನುವಂಶಿಕ ಕುಡಗೋಲು ಕಣ ರೋಗವೋ. ಮೂರು ತಿಂಗಳ ಚಿಕಿತ್ಸೆಯ ಮುಂದೆ ಒಂದು ದಿನದ ಶಿಬಿರವು ರೋಗಿಗೆ ರೋಗದ ಹೆಸರನ್ನು ತಿಳಿಸಿ ಕೈಬಿಟ್ಟಂತೆ.

ಮಾತ್ರೆಗಳಿಗೆ ಕೊರತೆಯಿದೆಯೆಂದು ಭಾವಿಸಬಾರದು. 2013ರಿಂದ ವಾರಕ್ಕೊಂದು ಕಬ್ಬಿಣದ ಮಾತ್ರೆಯನ್ನು ಶಾಲೆಗಳಲ್ಲಿಯೂ, ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಗಳಲ್ಲಿಯೂ ಕೊಡುವ ಸರ್ಕಾರದ ಯೋಜನೆಯಿದೆ. ವರ್ಷಕ್ಕೆ ಎರಡು ಬಾರಿ ಜಂತುಹುಳುವಿನ ಮಾತ್ರೆಯೂ ಇದೆ. 2014ರ ಜನವರಿಯಲ್ಲಿ 10ರಿಂದ 19 ವರ್ಷದವರಿಗಾಗಿಯೇ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಘೋಷಿತವಾಯಿತು. ಕರ್ನಾಟಕದಲ್ಲಿ ಅದರ ಅಂಗವಾಗಿ ಸ್ನೇಹ ಕ್ಲಿನಿಕ್‌ಗಳು ಏರ್ಪಟ್ಟವು. ಕೊರತೆಯಿರುವುದು ಮಾತ್ರೆಗೂ ಹುಡುಗಿಗೂ ನಡುವಿನ ಹತ್ತು ಹೆಜ್ಜೆಯ ಅಂತರದಲ್ಲಿ. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂದರೆ ಅವಳು ಮರುವಾರ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುತ್ತಾಳೆ. ಮಲ ಕಪ್ಪಾದರೆ ಮನೆಯವರು ಹೆದರುತ್ತಾರೆ. ಅದು ಮಕ್ಕಳಾಗದಂತೆ ತಡೆಯುವ ಮಾತ್ರೆಯೆಂಬ ವದಂತಿ ಹುಟ್ಟಿದರೆ ಇಡೀ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಸುಗ್ಗಿ ಮುಗಿದ ಮೇಲೆ ಕುಟುಂಬ ಗುಳೆ ಹೋದರೆ ಹೆಸರು ಪಟ್ಟಿಯಿಂದಲೇ ಬಿದ್ದುಹೋಗುತ್ತದೆ. ಈ ಹತ್ತು ಹೆಜ್ಜೆಗಳನ್ನು ನಡೆಯುವುದಕ್ಕೆ ವಿಶ್ವಾಸಕ್ಕೆ ಪಾತ್ರಳಾದ ಸ್ತ್ರೀಯೊಬ್ಬಳು ಬೇಕು. ಅವಳು ತಿಂಗಳು ತಿಂಗಳೂ ಬಾಗಿಲು ತಟ್ಟಬೇಕು. ಆಗಮವು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಎಣಿಸಿದ ವೈಯಾವೃತ್ತ್ಯವೆಂದರೆ ಇಂಥ ಬಿಡದ ಪರಿಚರ್ಯೆಯೇ ಅಲ್ಲವೇ?

ಆಕ್ಷೇಪಗಳು

ಮೊದಲನೆಯ ಆಕ್ಷೇಪ: ಇದು ಸರ್ಕಾರದ ಕರ್ತವ್ಯ, ದೇವಸ್ಥಾನ ಟ್ರಸ್ಟುಗಳದಲ್ಲ. ಸರ್ಕಾರದ ಕರ್ತವ್ಯವೆಂಬುದು ನಿಜ. ಆದರೆ ಸರ್ಕಾರವು ತನ್ನ ಕರ್ತವ್ಯವೆಂದು ತಿಳಿದು ಮೊಟ್ಟೆ ಕೊಡಲು ಬಂದಾಗ ನಡುವೆ ಪ್ರವೇಶಿಸಿದ್ದು ಸಮಾಜವೇ. ನಿಷೇಧಿಸಲು ಅಧಿಕಾರವುಂಟು, ಪೂರೈಸಲು ಹೊಣೆಯಿಲ್ಲ ಎಂಬ ವಾದ ನ್ಯಾಯವಾಗದು. ಇದಲ್ಲದೆ ಸರ್ಕಾರ ಮತ್ತು ಧರ್ಮಸಂಸ್ಥೆ ಕೂಡಿ ನಡೆಯಲಾಗದೆಂಬ ನಿಯಮವೂ ಇಲ್ಲ. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1986ರಲ್ಲಿ ಯಳಂದೂರು ತಾಲ್ಲೂಕಿನ ಕುಷ್ಠರೋಗಿಗಳ ಸೇವೆಗಾಗಿ ಹುಟ್ಟಿತು. 1996ರಲ್ಲಿ ಅದು ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನೇ ವಹಿಸಿಕೊಂಡಿತು. ಕಟ್ಟಡ ಸರ್ಕಾರದ್ದು, ಔಷಧ ಸರ್ಕಾರದ್ದು. ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವ ಶ್ರದ್ಧೆ ಟ್ರಸ್ಟಿನದು. ಶ್ರದ್ಧೆಗೆ ಜೈನ ಟ್ರಸ್ಟುಗಳಲ್ಲಿ ಬರಗಾಲವೇನೂ ಇಲ್ಲ.

ಎರಡನೆಯದು: ದೇವದ್ರವ್ಯವನ್ನು ಅನ್ಯ ಕಾರ್ಯಕ್ಕೆ ಬಳಸಬಾರದು. ಈ ಮರ್ಯಾದೆ ಮಾನ್ಯವಾದದ್ದೇ. ಭಗವಂತನಿಗೆಂದು ಸಲ್ಲಿಸಿದ್ದು ಭಗವಂತನ ಕಾರ್ಯಕ್ಕೇ ಸಲ್ಲಲಿ. ಔಷಧದಾನ ನಿಧಿಯೆಂದು ಬೇರೆಯ ಖಾತೆಯನ್ನು ತೆರೆಯಲು ಯಾವ ಶಾಸ್ತ್ರವೂ ಅಡ್ಡಿಯಾಗದು. ಅಭಿಷೇಕದ ಕಲಶಗಳ ಸವಾಲಿನಲ್ಲಿ ಒಬ್ಬರ ಮೇಲೊಬ್ಬರು ಕೂಗಿ ಸಾವಿರಗಳನ್ನು ಏರಿಸುವ ಉತ್ಸಾಹಿಗಳು, ಒಂದು ಊರಿನ ನೂರು ಹುಡುಗಿಯರ ಒಂದು ವರ್ಷದ ಆರೈಕೆಗೆಂದು ಒಂದು ಕೂಗನ್ನು ಹೆಚ್ಚಿಗೆ ಕೂಗಿದರೆ ಆ ಖಾತೆ ತುಂಬೀತು.

ಮೂರನೆಯ ಆಕ್ಷೇಪವನ್ನು ಸಭೆಯಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ, ಸಭೆ ಮುಗಿದ ಮೇಲೆ ಆಡುತ್ತಾರೆ: ಆ ಹುಡುಗಿಯರು ಜೈನರಲ್ಲ, ಮನೆಯಲ್ಲಿ ಮಾಂಸ ತಿನ್ನುವವರು, ಅವರಿಗೇಕೆ ಸಮಾಜದ ಹಣ? ಜಿನಸೇನಾಚಾರ್ಯರು ದಾನವನ್ನು ವಿಂಗಡಿಸುವಾಗ ಪಾತ್ರದತ್ತಿಯೊಡನೆ ದಯಾದತ್ತಿಯನ್ನೂ ಹೇಳಿದ್ದಾರೆ. ಮುನಿಗಳಿಗೆ ಆಹಾರ ಕೊಡುವಾಗ ಪಾತ್ರವಿಚಾರ ಸಲ್ಲುತ್ತದೆ. ದುಃಖಿತ ಜೀವಕ್ಕೆ ಕರುಣೆಯಿಂದ ಕೊಡುವಾಗ ದುಃಖವೇ ಸಾಕಾದ ಅರ್ಹತೆ. ಇರುವೆಯ ಪ್ರಾಣಕ್ಕಾಗಿ ನೆಲ ನೋಡಿ ನಡೆಯುವವನು ತನ್ನ ಹೊಲದಲ್ಲಿ ಕಳೆ ತೆಗೆಯುವ ಕೂಲಿಕಾರನ ಮಗಳ ಬಿಳಿಚಿದ ಮುಖವನ್ನು ನೋಡದೆ ನಡೆದರೆ ಆ ಈರ್ಯಾಸಮಿತಿಗೆ ಏನರ್ಥ? ಇನ್ನೊಂದು ಮಾತು. ನಿರಾಮಿಷ ಆಹಾರದಿಂದ ಮಕ್ಕಳು ಪುಷ್ಟರಾಗಬಲ್ಲರೆಂಬುದನ್ನು ಊರಿಗೆ ಕಣ್ಣಾರೆ ತೋರಿಸಿದರೆ ಅದಕ್ಕಿಂತ ಮಿಗಿಲಾದ ಧರ್ಮಪ್ರಭಾವನೆ ಬೇರೊಂದಿಲ್ಲ. ನೂರು ಮನವಿಪತ್ರಗಳು ಸಾಧಿಸದಿದ್ದುದನ್ನು ಹತ್ತು ಹುಡುಗಿಯರ ಕೆಂಪೇರಿದ ಕೆನ್ನೆ ಸಾಧಿಸೀತು.

ಮನೆಯೊಳಗಿನ ಮಾತನ್ನೂ ಬಿಡುವಂತಿಲ್ಲ. ಜೈನ ಮನೆಗಳ ಹುಡುಗಿಯರು ರಕ್ತಹೀನತೆಗೆ ಹೊರತಾದವರಲ್ಲ. ಚಾತುರ್ಮಾಸದಲ್ಲಿ ಸೊಪ್ಪನ್ನು ತ್ಯಜಿಸುವ ಮನೆಯಲ್ಲಿ ಬೇಳೆಕಾಳು, ಹಾಲು, ನೆಲ್ಲಿಕಾಯಿಗಳ ಪ್ರಮಾಣ ಹೆಚ್ಚಬೇಕೆಂಬ ಎಚ್ಚರ ಎಷ್ಟು ಮಂದಿಗಿದೆ? ಬಿಳಿಚಿಕೊಂಡ ಹದಿನಾಲ್ಕರ ಬಾಲೆಯ ಸರಣಿ ಉಪವಾಸವನ್ನು ಮೆರವಣಿಗೆಯಲ್ಲಿ ಕೊಂಡಾಡುವ ಮುನ್ನ ಅವಳ ರಕ್ತಪರೀಕ್ಷೆಯಾಗಿದೆಯೇ ಎಂದು ಕೇಳುವ ಹಿರಿಯರು ಯಾರು? ಶಕ್ತಿಯನ್ನು ಅರಿತು ತಪಸ್ಸು ಮಾಡಬೇಕೆಂಬುದೂ ಶಾಸ್ತ್ರದ ಆದೇಶವೇ. ಕ್ಯಾಪ್ಸೂಲಿನ ಜಿಲಾಟಿನ್ ಬೇಡವೆಂದು ಔಷಧವನ್ನೇ ತೊರೆಯುವ ಮನೆಗಳೂ ಇವೆ. ಆರೋಗ್ಯ ಕೇಂದ್ರದಲ್ಲಿ ದೊರೆಯುವುದು ಕ್ಯಾಪ್ಸೂಲಲ್ಲ, ಸಕ್ಕರೆಯ ಲೇಪವುಳ್ಳ ಮಾತ್ರೆ ಎಂಬುದನ್ನು ಅವರಿಗೆ ತಿಳಿಸಬೇಕಾಗಿದೆ.

ಮಾಡಬೇಕಾದದ್ದು

ಮಾರ್ಗ ದುರ್ಗಮವೇನೂ ಅಲ್ಲ. ಪ್ರತಿಯೊಂದು ಬಸದಿಯ ಟ್ರಸ್ಟು ತನ್ನ ಸಮೀಪದ ಒಂದು ಶಾಲೆಯನ್ನೂ ಒಂದು ಉಪಕೇಂದ್ರವನ್ನೂ ಆರಿಸಿಕೊಳ್ಳಲಿ. ಹತ್ತು ಊರುಗಳಿಗೆ ಕೈಹಾಕುವುದು ಬೇಡ. ಆಶಾ ಕಾರ್ಯಕರ್ತೆಯೊಡನೆ ಕುಳಿತು, ಶಾಲೆ ಬಿಟ್ಟವರೂ ಸೇರಿದಂತೆ, 10ರಿಂದ 19 ವರ್ಷದ ಎಲ್ಲರ ಪಟ್ಟಿಯನ್ನು ಸಿದ್ಧಪಡಿಸಲಿ. ಊರಿನ ಒಬ್ಬ ವಿದ್ಯಾವಂತ ಸ್ತ್ರೀಗೆ ತಿಂಗಳ ಸಂಭಾವನೆ ಕೊಟ್ಟು, ಮನೆಮನೆಗೆ ಹೋಗುವ ಕೆಲಸವನ್ನು ವಹಿಸಲಿ. ರಕ್ತಪರೀಕ್ಷೆ ಮತ್ತು ಔಷಧದ ನಿರ್ಧಾರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರದೇ ಆಗಿರಲಿ. ಟ್ರಸ್ಟಿನ ಪದಾಧಿಕಾರಿಗಳು ತಾವೇ ವೈದ್ಯರಾಗುವ ಉತ್ಸಾಹ ತೋರಬಾರದು. ದಿನವೂ ಒಂದು ಹಿಡಿ ಶೇಂಗಾ, ಬೆಲ್ಲ, ಪುಟಾಣಿ ಮತ್ತು ಹಾಲನ್ನು ಟ್ರಸ್ಟು ಪೂರೈಸಲಿ, ಮಾತ್ರೆಯನ್ನು ಊಟವಾದ ಮೇಲೆ ಕಣ್ಣೆದುರಿಗೇ ನುಂಗಿಸುವ ಏರ್ಪಾಡಾಗಲಿ. ತೀವ್ರ ರಕ್ತಹೀನತೆಯುಳ್ಳವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವ ವಾಹನದ ವೆಚ್ಚವನ್ನು ಟ್ರಸ್ಟು ಭರಿಸಲಿ. ಮುಟ್ಟಿನ ವಿಷಯವಾಗಿ ಮಾತನಾಡಲು ಮಹಿಳಾ ಸಮಾಜದ ಶ್ರಾವಿಕೆಯರು ಮುಂದೆ ಬರಲಿ. ಹದಿನೆಂಟಕ್ಕೆ ಮೊದಲು ಮದುವೆಯ ಸುದ್ದಿ ಕಿವಿಗೆ ಬಿದ್ದರೆ, ಹಣವುಳ್ಳವರು ಮದುವೆಗೆ ದೇಣಿಗೆ ಕೊಡುವ ಬದಲು ಅವಳ ಮುಂದಿನ ಎರಡು ವರ್ಷದ ಓದಿಗೆ ಕೊಡಲಿ.

ಎಲ್ಲಕ್ಕಿಂತ ಮುಖ್ಯವಾಗಿ, ವಾರ್ಷಿಕ ಸಭೆಯಲ್ಲಿ ಓದುವ ವರದಿ ಬದಲಾಗಬೇಕು. ಎಷ್ಟು ಶಿಬಿರ, ಎಷ್ಟು ಜನ, ಎಷ್ಟು ಖರ್ಚು ಎಂಬುದು ಖರ್ಚಿನ ಬದಿಯ ಲೆಕ್ಕ ಮಾತ್ರ. ವರ್ಷದ ಆರಂಭದಲ್ಲಿ 12ಕ್ಕಿಂತ ಕೆಳಗಿದ್ದವರು ಎಷ್ಟು ಮಂದಿ, ವರ್ಷದ ಕೊನೆಗೆ ಮೇಲೆ ಬಂದವರು ಎಷ್ಟು ಮಂದಿ, ಬಾರದವರು ಏಕೆ ಬರಲಿಲ್ಲ ಎಂಬುದು ಜಮಾ ಬದಿ. ಆ ಬದಿಯನ್ನು ಬರೆಯದ ಪುಸ್ತಕಕ್ಕೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕಲಾರನು. ಔಷಧದಾನದ ಪುಸ್ತಕಕ್ಕೆ ಮಾತ್ರ ಈವರೆಗೆ ಕೇಳುವವರಿರಲಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕು ದಾನಗಳಿಗೆ ನಾಲ್ಕು ನಿದರ್ಶನಗಳಿವೆ. ಔಷಧದಾನಕ್ಕೆ ನಿದರ್ಶನವಾದವಳು ವೃಷಭಸೇನೆ, ಒಬ್ಬ ಶ್ರೇಷ್ಠಿಯ ಮಗಳು. ವ್ಯಾಖ್ಯಾನದಲ್ಲಿ ಬರುವ ಕಥೆಯಂತೆ ಅವಳು ಹಿಂದಿನ ಜನ್ಮದಲ್ಲಿ ದೇವಾಲಯದ ಕಸ ಗುಡಿಸುವ ಹುಡುಗಿಯಾಗಿದ್ದಳು. ಧ್ಯಾನಸ್ಥ ಮುನಿಯನ್ನು ಅರಿಯದೆ ಕಸದಿಂದ ಮುಚ್ಚಿ, ಅನಂತರ ಪಶ್ಚಾತ್ತಾಪದಿಂದ ಔಷಧೋಪಚಾರ ಮಾಡಿ ಅವರನ್ನು ಗುಣಪಡಿಸಿದಳು. ಅದರ ಫಲವಾಗಿ ಈ ಜನ್ಮದಲ್ಲಿ ಅವಳ ಸ್ನಾನದ ನೀರೇ ಅನ್ಯರ ರೋಗಕ್ಕೆ ಔಷಧವಾಯಿತು. ಶಾಸ್ತ್ರಕಾರರು ಈ ದಾನಕ್ಕೆ ರಾಜನನ್ನೂ ಶ್ರೇಷ್ಠಿಯನ್ನೂ ಆರಿಸದೆ ಒಬ್ಬ ಹುಡುಗಿಯನ್ನು ಆರಿಸಿದರು.

ಇಂದಿಗೂ ಅನೇಕ ಬಸದಿಗಳ ಅಂಗಳವನ್ನು ಬೆಳಗ್ಗೆ ಗುಡಿಸುವವಳು ಒಬ್ಬ ಬಡ ಹುಡುಗಿಯೇ. ಅಭಿಷೇಕಕ್ಕೆ ಬರುವ ಶ್ರಾವಕರು ಅವಳು ಗುಡಿಸಿದ ನೆಲವನ್ನು ದಾಟಿ ಒಳಗೆ ಹೋಗುತ್ತಾರೆ. ಮುಂದಿನ ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ದಿನ ದಾನದ ಪ್ರವಚನ ಆರಂಭವಾಗುವ ಮೊದಲು ಟ್ರಸ್ಟಿನ ಅಧ್ಯಕ್ಷರು ಅವಳನ್ನು ಒಂದು ಪ್ರಶ್ನೆ ಕೇಳಲಿ: ‘ತಾಯೀ, ನಿನ್ನ ರಕ್ತಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು?’ ಉತ್ತರ ಬಾರದಿದ್ದರೆ ಅಂದಿನ ಪ್ರವಚನಕ್ಕೆ ವಿಷಯ ಸಿದ್ಧವಾಗಿದೆಯೆಂದು ತಿಳಿಯಬೇಕು.